ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್

ಅನ್ಯಾಯವು ಜನರ ರೂಢಿಯಲ್ಲಿ ಮಾತ್ರ ನೆಲೆಸಿದ್ದರೆ ಅದನ್ನು ಸತ್ಪುರುಷರ ಉಪದೇಶದಿಂದಲೋ ಕಾಲಕ್ರಮದ ತಿಳಿವಳಿಕೆಯಿಂದಲೋ ಕಳೆಯುವುದು ಸಾಧ್ಯ. ಆದರೆ ಅದೇ ಅನ್ಯಾಯವು ನಾಡಿನ ಶಾಸನಗಳಲ್ಲಿ ಸೇರಿ, ನ್ಯಾಯಾಲಯದ ಮುದ್ರೆಯನ್ನೂ ಪಡೆದು ನಿಂತಿತೆಂದರೆ ಅದನ್ನು ಕದಲಿಸುವುದು ಸುಲಭವಲ್ಲ. ಅದಕ್ಕೆ ಕಾನೂನಿನ ಆಳವನ್ನು ಬಲ್ಲವರು ಬೇಕು. ಒಂದೊಂದು ತೀರ್ಪನ್ನೂ ಓದಿ, ಒಂದೊಂದು ಸಂಗತಿಯನ್ನೂ ಕಲೆಹಾಕಿ, ವರ್ಷಗಟ್ಟಲೆ ತಾಳ್ಮೆಯಿಂದ ದುಡಿಯುವವರು ಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪುವರ್ಣೀಯರ ಪಾಲಿಗೆ ಅಂತಹ ಮಹನೀಯರಾಗಿ ಬಂದವರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್.

ಅಮೆರಿಕದಲ್ಲಿ ಗುಲಾಮಗಿರಿಯು 1865ರಲ್ಲಿ ರದ್ದಾಯಿತು. 1868ರಲ್ಲಿ ಸಂವಿಧಾನಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿಯು, ಯಾವ ರಾಜ್ಯವೂ ಯಾರೊಬ್ಬರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಕೂಡದೆಂದು ವಿಧಿಸಿತು. ಇಷ್ಟಾದರೂ ದಕ್ಷಿಣದ ರಾಜ್ಯಗಳು ಕಪ್ಪುವರ್ಣೀಯರನ್ನು ಬಿಳಿಯರಿಂದ ದೂರವಿಡುವ ಶಾಸನಗಳನ್ನು ಒಂದೊಂದಾಗಿ ತಂದವು. ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ, ಆಸ್ಪತ್ರೆ ಬೇರೆ. 1896ರಲ್ಲಿ ಪ್ಲೆಸಿ ಎಂಬುವನ ಮೊಕದ್ದಮೆಯಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೇ ಈ ಪದ್ಧತಿಗೆ ಒಪ್ಪಿಗೆ ನೀಡಿತು. ಸೌಲಭ್ಯಗಳು ಸಮಾನವಾಗಿದ್ದರೆ ಸಾಕು, ಜನರನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂಬುದು ಆ ತೀರ್ಪಿನ ಸಾರ. ಮುಂದೆ ನಡೆದದ್ದೇನು? ಬೇರ್ಪಡಿಸುವ ಕೆಲಸವು ಕಟ್ಟುನಿಟ್ಟಾಗಿ ನಡೆಯಿತು. ಸಮಾನತೆಯು ಕಾಗದದ ಮೇಲೆಯೇ ಉಳಿಯಿತು.

ಈ ತೀರ್ಪು ಹೊರಬಿದ್ದಾಗ ಚಾರ್ಲ್ಸ್ ಇನ್ನೂ ತೊಟ್ಟಿಲಿನ ಶಿಶು. ಅವರು ಜನಿಸಿದ್ದು 1895ರ ಸೆಪ್ಟೆಂಬರ್ 3ರಂದು, ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ. ತಾತನು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು. ತಂದೆ ವಿಲಿಯಂ ಹ್ಯೂಸ್ಟನ್ ವಕೀಲರು. ತಾಯಿ ಮೇರಿ ಕೇಶಾಲಂಕಾರದ ವೃತ್ತಿಯಿಂದ ಸಂಸಾರಕ್ಕೆ ನೆರವಾಗುತ್ತಿದ್ದ ಶ್ರಮಜೀವಿ. ಒಬ್ಬನೇ ಮಗನ ವಿದ್ಯೆಗಾಗಿ ಅವರು ಯಾವ ತ್ಯಾಗಕ್ಕೂ ಹಿಂಜರಿಯಲಿಲ್ಲ. ಕಪ್ಪುವರ್ಣೀಯರಿಗಾಗಿಯೇ ಇದ್ದ ನಗರದ ಹೆಸರಾಂತ ಪ್ರೌಢಶಾಲೆಯಲ್ಲಿ ಓದಿದ ಚಾರ್ಲ್ಸ್ 1911ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್ ಕಾಲೇಜನ್ನು ಸೇರಿದರು. ತಮ್ಮ ತರಗತಿಯಲ್ಲಿ ಅವರೊಬ್ಬರೇ ಕಪ್ಪುವರ್ಣದ ವಿದ್ಯಾರ್ಥಿ. 1915ರಲ್ಲಿ ಅತ್ಯುನ್ನತ ಶ್ರೇಣಿಯವರಲ್ಲಿ ಒಬ್ಬರಾಗಿ ಪದವಿ ಪಡೆದು, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಸಾಹಿತ್ಯ ಮತ್ತು ಸಂಗೀತಗಳಲ್ಲಿ ಆಸಕ್ತಿಯಿದ್ದ ಆ ಯುವಕನ ಬಾಳು ಹಾಗೆಯೇ ಶಾಂತವಾಗಿ ಸಾಗಬಹುದಾಗಿತ್ತು.

ಅಷ್ಟರಲ್ಲಿ ಪ್ರಥಮ ಮಹಾಯುದ್ಧವು ಅಮೆರಿಕವನ್ನೂ ಸೆಳೆದುಕೊಂಡಿತು. 1917ರಲ್ಲಿ ಹ್ಯೂಸ್ಟನ್ ಕಪ್ಪುವರ್ಣೀಯರಿಗಾಗಿ ತೆರೆದ ಸೇನಾಧಿಕಾರಿಗಳ ಶಿಬಿರದಲ್ಲಿ ತರಬೇತಿ ಪಡೆದು ಅಧಿಕಾರಿಯಾದರು. ಸೈನ್ಯದ ವಿಚಾರಣೆಗಳಲ್ಲಿ ಸರ್ಕಾರದ ಪರವಾಗಿ ವಾದಿಸುವ ಹೊಣೆಯೂ ಒಮ್ಮೆ ಅವರ ಮೇಲೆ ಬಿತ್ತು. ಸಾಕ್ಷ್ಯವು ದುರ್ಬಲವಾಗಿದ್ದರೂ ಕಪ್ಪುವರ್ಣದ ಸೈನಿಕರಿಗೆ ಶಿಕ್ಷೆಯಾಗುವುದನ್ನು ಅವರು ಕಣ್ಣಾರೆ ಕಂಡರು. ಫ್ರಾನ್ಸಿನ ಪಟ್ಟಣವೊಂದರಲ್ಲಿ ತಮ್ಮದೇ ಸೈನ್ಯದ ಬಿಳಿಯ ಸೈನಿಕರ ಗುಂಪೊಂದು ಅವರನ್ನೂ ಅವರ ಜೊತೆಗಾರರನ್ನೂ ಸುತ್ತುವರಿದು ಕೊಲ್ಲಲು ಮುಂದಾಯಿತು. ಸೈನ್ಯದ ಪೊಲೀಸ್ ಅಧಿಕಾರಿಯೊಬ್ಬನು ಸಕಾಲದಲ್ಲಿ ಬಂದುದರಿಂದ ಜೀವವುಳಿಯಿತು. ಸ್ವಾತಂತ್ರ್ಯವನ್ನು ಕಾಪಾಡಲೆಂದು ಕಡಲು ದಾಟಿ ಬಂದವರಿಗೆ ಸ್ವಂತ ಸೈನ್ಯದಲ್ಲಿಯೇ ರಕ್ಷಣೆಯಿರಲಿಲ್ಲ. ತಾನು ಬದುಕಿ ಉಳಿದರೆ ಕಾನೂನನ್ನು ಕಲಿಯಬೇಕು, ತಿರುಗಿ ನಿಲ್ಲಲಾರದವರ ಪರವಾಗಿ ಹೋರಾಡಬೇಕು ಎಂಬ ಸಂಕಲ್ಪವನ್ನು ಹ್ಯೂಸ್ಟನ್ ಮಾಡಿದ್ದು ಆ ದಿನಗಳಲ್ಲಿ.

1919ರ ವಸಂತದಲ್ಲಿ ಅವರು ಸೈನ್ಯದಿಂದ ಬಿಡುಗಡೆ ಹೊಂದಿದರು. ಅದೇ ಬೇಸಗೆಯಲ್ಲಿ ದೇಶದ ಅನೇಕ ನಗರಗಳಲ್ಲಿ ವರ್ಣದ್ವೇಷದ ಗಲಭೆಗಳು ಭುಗಿಲೆದ್ದವು; ಅವರ ಹುಟ್ಟೂರಾದ ವಾಷಿಂಗ್ಟನ್ನಿನ ಬೀದಿಗಳಲ್ಲಿಯೂ ರಕ್ತ ಹರಿಯಿತು. ಆ ವರ್ಷದ ಕೊನೆಯ ಭಾಗದಲ್ಲಿ ಹ್ಯೂಸ್ಟನ್ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಾನೂನು ವಿದ್ಯಾಲಯದ ಮೆಟ್ಟಿಲನ್ನೇರಿದರು. ಯುದ್ಧದಿಂದ ಮರಳಿದ ತರುಣರಿಂದ ಆ ವಿದ್ಯಾಲಯವು ಆಗ ತುಂಬಿತ್ತು. ನ್ಯಾಯಶಾಸ್ತ್ರ ವಿದ್ವಾಂಸರಾದ ರಾಸ್ಕೋ ಪೌಂಡ್ ಅದರ ಮುಖ್ಯಸ್ಥರು. ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅಲ್ಲಿನ ಪ್ರಾಧ್ಯಾಪಕರು. ಈ ಗುರುಗಳ ಮೆಚ್ಚುಗೆಯನ್ನು ಹ್ಯೂಸ್ಟನ್ ಬಹುಬೇಗ ಗಳಿಸಿದರು.

ಹಾರ್ವರ್ಡ್ ಕಾನೂನು ವಿದ್ಯಾಲಯದಲ್ಲಿ ‘ಹಾರ್ವರ್ಡ್ ಲಾ ರಿವ್ಯೂ’ ಎಂಬ ಪತ್ರಿಕೆಯೊಂದಿದೆ. 1887ರಲ್ಲಿ ವಿದ್ಯಾರ್ಥಿಗಳೇ ಸ್ಥಾಪಿಸಿದ ಪತ್ರಿಕೆ ಅದು. ಅದರ ಸಂಪಾದಕರು ಕೂಡ ವಿದ್ಯಾರ್ಥಿಗಳೇ. ಕಾಲೇಜು ಪತ್ರಿಕೆಯೆಂದೊಡನೆ ಕಥೆ, ಕವಿತೆ, ಆಟೋಟಗಳ ವರದಿ ನಮ್ಮ ನೆನಪಿಗೆ ಬರುತ್ತವೆ. ಈ ಪತ್ರಿಕೆಯ ಸ್ವರೂಪವೇ ಬೇರೆ. ದೇಶದ ಹಿರಿಯ ವಿದ್ವಾಂಸರು ಇದಕ್ಕೆ ಕಾನೂನಿನ ಸಂಶೋಧನ ಲೇಖನಗಳನ್ನು ಕಳುಹಿಸುತ್ತಾರೆ. ವಿದ್ಯಾರ್ಥಿ ಸಂಪಾದಕರು ಅವುಗಳನ್ನು ಪರಿಶೀಲಿಸಿ, ಪ್ರತಿಯೊಂದು ಅಡಿಟಿಪ್ಪಣಿಯನ್ನೂ ಮೂಲಗ್ರಂಥದೊಡನೆ ಹೋಲಿಸಿ ನೋಡುತ್ತಾರೆ. ಜೊತೆಗೆ ಹೊಸ ತೀರ್ಪುಗಳನ್ನು ವಿಮರ್ಶಿಸುವ ಟಿಪ್ಪಣಿಗಳನ್ನು ತಾವೇ ಬರೆಯುತ್ತಾರೆ. ಆ ಟಿಪ್ಪಣಿಗಳಡಿಯಲ್ಲಿ ಬರೆದವರ ಹೆಸರು ಅಚ್ಚಾಗುತ್ತಿರಲಿಲ್ಲ. ಇಂತಹ ಬರಹಗಳು ಗ್ರಂಥಾಲಯದಲ್ಲಿಯೇ ಮಲಗಿರುತ್ತವೆಂದು ಎಣಿಸಬಾರದು. ವ್ಯಕ್ತಿಯ ಖಾಸಗಿ ಬದುಕಿಗೆ ಕಾನೂನಿನ ರಕ್ಷಣೆ ಬೇಕೆಂದು ವಾದಿಸಿದ ಒಂದು ಲೇಖನವು 1890ರಲ್ಲಿ ಇದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಲಕ್ರಮದಲ್ಲಿ ಅಮೆರಿಕದ ನ್ಯಾಯಾಲಯಗಳು ಆ ವಿಚಾರವನ್ನು ಅಂಗೀಕರಿಸಿ, ಅದನ್ನೊಂದು ಹಕ್ಕಾಗಿ ಬೆಳೆಸಿದವು. ಇಂದಿನ ಲೇಖನವು ನಾಳಿನ ತೀರ್ಪಾಗಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಈ ಪತ್ರಿಕೆಯ ಸಂಪಾದಕ ಮಂಡಳಿಗೆ ಪರೀಕ್ಷೆಗಳಲ್ಲಿ ಅಗ್ರಸ್ಥಾನ ಪಡೆದವರನ್ನು ಮಾತ್ರ ಆರಿಸುತ್ತಿದ್ದರು. 1921ರಲ್ಲಿ ಹ್ಯೂಸ್ಟನ್ ಆಯ್ಕೆಯಾದರು. ಪತ್ರಿಕೆಯು ಹುಟ್ಟಿ ಮೂವತ್ತನಾಲ್ಕು ವರ್ಷಗಳಾಗಿದ್ದರೂ ಕಪ್ಪುವರ್ಣದ ವಿದ್ಯಾರ್ಥಿಯೊಬ್ಬನು ಆ ಸ್ಥಾನವನ್ನು ಪಡೆದದ್ದು ಅದೇ ಮೊದಲು. ಸಹಸಂಪಾದಕರಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ. ಹ್ಯೂಸ್ಟನ್ ಜಗಳವಾಡಲಿಲ್ಲ, ಯಾರ ಓಲೈಕೆಗೂ ಹೋಗಲಿಲ್ಲ. ತಮ್ಮ ಪಾಲಿನ ಕೆಲಸವನ್ನು ಯಾರೂ ಬೆರಳಿಟ್ಟು ತೋರಿಸಲಾಗದಂತೆ ಮಾಡಿದರು. ತಿಂಗಳುಗಳು ಕಳೆದಂತೆ ವಿರೋಧವು ಕರಗಿತು. ತಾವು ಮಾತ್ರ ಒಂಟಿಯಾಗಿಯೇ ಸಾಗುತ್ತಿರುವುದಾಗಿಯೂ ತಮ್ಮ ಕೈಯಿಂದ ಒಂದೇ ಒಂದು ತಪ್ಪು ಹೆಜ್ಜೆಯೂ ಬೀಳದಿರಲೆಂದು ಹಾರೈಸುತ್ತಿರುವುದಾಗಿಯೂ ಅವರು ತಂದೆತಾಯಿಗಳಿಗೆ ತಿಳಿಸಿದರು. ಅವರು ಎಡವಿದ್ದರೆ ಅದು ಒಬ್ಬ ವಿದ್ಯಾರ್ಥಿಯ ಸೋಲೆನಿಸುತ್ತಿರಲಿಲ್ಲ; ಅವರ ಜನಾಂಗಕ್ಕೆ ಆ ಯೋಗ್ಯತೆಯೇ ಇಲ್ಲವೆಂದು ಸಾರಲು ಅನೇಕರು ಕಾದಿದ್ದರು.

ಆ ಪತ್ರಿಕೆಯ ಮೇಜು ಹ್ಯೂಸ್ಟನ್ನರಿಗೆ ಎರಡು ಪಾಠಗಳನ್ನು ಕಲಿಸಿತು. ಹಳೆಯ ತೀರ್ಪು ಎಷ್ಟೇ ಭದ್ರವಾಗಿ ಕಂಡರೂ ಅದನ್ನು ಆಧಾರಗಳಿಂದ ಪರೀಕ್ಷಿಸಬಹುದು ಎಂಬುದು ಮೊದಲನೆಯದು. ಆ ಪರೀಕ್ಷೆಯಲ್ಲಿ ಒಂದು ಸಂಗತಿಯು ತಪ್ಪಿದರೂ ಇಡೀ ವಾದವು ಕುಸಿಯುತ್ತದೆ ಎಂಬುದು ಎರಡನೆಯದು. ಅವರು 1922ರಲ್ಲಿ ಕಾನೂನು ಪದವಿಯನ್ನೂ 1923ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಪ್ರವಾಸ ವಿದ್ಯಾರ್ಥಿವೇತನವೊಂದರ ನೆರವಿನಿಂದ ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ ಒಂದು ವರ್ಷ ವ್ಯಾಸಂಗ ಮಾಡಿ, 1924ರಲ್ಲಿ ತಂದೆಯವರೊಡನೆ ವಾಷಿಂಗ್ಟನ್ನಿನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಹೋವರ್ಡ್ ವಿಶ್ವವಿದ್ಯಾನಿಲಯದ ಕಾನೂನು ವಿದ್ಯಾಲಯದಲ್ಲಿ ಪಾಠವನ್ನೂ ಹೇಳತೊಡಗಿದರು.

ಕೆಲವು ವರ್ಷಗಳ ತರುವಾಯ ಅವರು ದೇಶದ ಕಪ್ಪುವರ್ಣದ ವಕೀಲರ ಸ್ಥಿತಿಗತಿಗಳನ್ನು ಕುರಿತು ಸಮೀಕ್ಷೆಯೊಂದನ್ನು ನಡೆಸಿದರು. ಅನ್ಯಾಯವು ಅತಿಯಾಗಿದ್ದ ದಕ್ಷಿಣದ ರಾಜ್ಯಗಳಲ್ಲಿಯೇ ವಕೀಲರ ಸಂಖ್ಯೆ ತೀರ ಕಡಮೆಯೆಂಬುದು ಅದರಿಂದ ಸ್ಪಷ್ಟವಾಯಿತು. ಲಕ್ಷಾಂತರ ಜನರು ನ್ಯಾಯಾಲಯದಲ್ಲಿ ತಮ್ಮ ಪರವಾಗಿ ದನಿಯೆತ್ತುವವರಿಲ್ಲದೆ ಬಾಳುತ್ತಿದ್ದರು. ಹಾಗಾದರೆ ಮೊದಲು ಆಗಬೇಕಾದ ಕೆಲಸ ಯಾವುದು? ಮೊಕದ್ದಮೆ ಹೂಡುವುದಕ್ಕಿಂತ ಮೊದಲು ಅದನ್ನು ನಡೆಸಬಲ್ಲವರನ್ನು ಸಿದ್ಧಗೊಳಿಸಬೇಕೆಂದು ಹ್ಯೂಸ್ಟನ್ ನಿಶ್ಚಯಿಸಿದರು.

1929ರಲ್ಲಿ ಹೋವರ್ಡ್ ಕಾನೂನು ವಿದ್ಯಾಲಯದ ಆಡಳಿತವು ಅವರ ಕೈಗೆ ಬಂದಿತು. ಹಗಲು ದುಡಿದು ರಾತ್ರಿ ಓದುವವರಿಗಾಗಿ ನಡೆಯುತ್ತಿದ್ದ ಸಂಜೆಯ ತರಗತಿಗಳನ್ನು ಅವರು ನಿಲ್ಲಿಸಿ, ವಿದ್ಯಾಲಯವನ್ನು ಪೂರ್ಣಾವಧಿಯ ಸಂಸ್ಥೆಯನ್ನಾಗಿ ಮಾರ್ಪಡಿಸಿದರು. ಗ್ರಂಥಾಲಯವನ್ನು ಬೆಳೆಸಿದರು, ಪ್ರವೇಶದ ನಿಯಮಗಳನ್ನು ಬಿಗಿಗೊಳಿಸಿದರು. ಬಡವರ ದಾರಿಯನ್ನೇ ಮುಚ್ಚಿದರೆಂಬ ಟೀಕೆ ಹಳೆಯ ವಿದ್ಯಾರ್ಥಿಗಳಿಂದ ಬಂದಿತು. ಆ ಟೀಕೆಯಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಅರೆಬರೆ ಕಲಿತ ವಕೀಲನಿಂದ ಕಕ್ಷಿದಾರನ ಪ್ರಾಣಕ್ಕೇ ಅಪಾಯವೆಂದು ಹ್ಯೂಸ್ಟನ್ ದೃಢವಾಗಿ ನಂಬಿದ್ದರು. 1931ರಲ್ಲಿ ವಿದ್ಯಾಲಯಕ್ಕೆ ಅಮೆರಿಕದ ವಕೀಲರ ಸಂಘದ ಮಾನ್ಯತೆ ದೊರೆಯಿತು.

ಹ್ಯೂಸ್ಟನ್ ಕಠಿಣ ಶಿಸ್ತಿನ ಗುರುಗಳು. ಮೊದಲ ದಿನವೇ ಅವರು ವಿದ್ಯಾರ್ಥಿಗಳಿಗೆ, ಅಕ್ಕಪಕ್ಕದವರಲ್ಲಿ ಅನೇಕರು ಪದವಿಯ ದಿನದವರೆಗೆ ಉಳಿಯುವುದಿಲ್ಲವೆಂದು ಎಚ್ಚರಿಸುತ್ತಿದ್ದರು. ತರಗತಿಯ ಪಾಠದೊಡನೆ ವಿದ್ಯಾರ್ಥಿಗಳನ್ನು ನ್ಯಾಯಾಲಯಗಳಿಗೂ ಸೆರೆಮನೆಗಳಿಗೂ ಕರೆದೊಯ್ಯುತ್ತಿದ್ದರು. ವಕೀಲನಾದವನು ಸಮಾಜದ ಶಿಲ್ಪಿಯಾಗಬೇಕು, ಸಂವಿಧಾನವನ್ನು ಅರಿತು ನೊಂದವರ ಬಾಳನ್ನು ಹಸನುಗೊಳಿಸಬೇಕು, ಇಲ್ಲವಾದರೆ ಅವನು ಸಮಾಜಕ್ಕೆ ಹೊರೆಯೆಂದು ಬೋಧಿಸುತ್ತಿದ್ದರು. ಅವರ ಕೈಕೆಳಗೆ ಪಳಗಿ 1933ರಲ್ಲಿ ತರಗತಿಗೆ ಮೊದಲಿಗರಾಗಿ ಹೊರಬಂದವರು ತರ್ಗುಡ್ ಮಾರ್ಷಲ್. 1967ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಪ್ರಥಮ ಕಪ್ಪುವರ್ಣದ ನ್ಯಾಯಾಧೀಶರಾದವರು ಇವರೇ.

ಕೋಶ ಓದಬೇಕು, ದೇಶ ಸುತ್ತಬೇಕು ಎಂಬ ನಾಣ್ಣುಡಿಯು ಹ್ಯೂಸ್ಟನ್ನರ ಮಟ್ಟಿಗೆ ಅಕ್ಷರಶಃ ನಿಜವಾಯಿತು. 1934ರಲ್ಲಿ ಅವರು ಚಲನಚಿತ್ರದ ಕ್ಯಾಮೆರಾ ಹಿಡಿದು ದಕ್ಷಿಣ ಕೆರೊಲಿನಾ ರಾಜ್ಯವನ್ನು ಸುತ್ತಿದರು. ಬಿಳಿಯ ಮಕ್ಕಳ ಭದ್ರವಾದ ಇಟ್ಟಿಗೆಯ ಶಾಲೆಗಳನ್ನೂ ಕಪ್ಪುವರ್ಣದ ಮಕ್ಕಳು ಕುಳಿತು ಓದುವ ಮುರುಕಲು ಮರದ ಗುಡಿಸಲುಗಳನ್ನೂ ಚಿತ್ರೀಕರಿಸಿದರು. ಮಾತಿನಲ್ಲಿ ಹೇಳಿದರೆ ಅಲ್ಲಗಳೆಯಬಹುದಾದ ಅಸಮಾನತೆಯನ್ನು ಕಣ್ಣೆದುರಿಗೇ ತಂದು ನಿಲ್ಲಿಸಿದರು. ಇಂತಹ ಪ್ರವಾಸಗಳಲ್ಲಿ ಅವರಿಗೆ ಬಿಳಿಯರ ಹೋಟೆಲುಗಳಲ್ಲಿ ತಂಗಲು ಸ್ಥಳವಿರಲಿಲ್ಲ. ಮೊಕದ್ದಮೆಯ ಕಾಗದಪತ್ರಗಳನ್ನು ಕೆಲವೊಮ್ಮೆ ಕಾರಿನಲ್ಲಿಯೇ ಕುಳಿತು ಬೆರಳಚ್ಚು ಮಾಡಬೇಕಾಗುತ್ತಿತ್ತು.

1935ರಲ್ಲಿ ಹ್ಯೂಸ್ಟನ್ ಕಪ್ಪುವರ್ಣೀಯರ ಉನ್ನತಿಗಾಗಿ ಶ್ರಮಿಸುತ್ತಿದ್ದ ರಾಷ್ಟ್ರೀಯ ಸಂಘದ ವಿಶೇಷ ವಕೀಲರಾಗಿ ನ್ಯೂಯಾರ್ಕಿಗೆ ತೆರಳಿದರು. 1896ರ ತೀರ್ಪನ್ನು ಒಂದೇ ಏಟಿಗೆ ಉರುಳಿಸಲು ಹೊರಟರೆ ಸೋಲು ಖಂಡಿತವೆಂದು ಅವರು ಬಲ್ಲವರಾಗಿದ್ದರು. ಆದುದರಿಂದ ಆ ತೀರ್ಪನ್ನೇ ಆಯುಧವಾಗಿ ಹಿಡಿದರು. ಬೇರ್ಪಡಿಸುವುದಾದರೆ ಸಮಾನತೆ ಇರಲೇಬೇಕಲ್ಲವೆ? ಹಾಗಾದರೆ ಆ ಸಮಾನತೆ ಎಲ್ಲಿದೆ, ತೋರಿಸಿ ಎಂಬುದು ಅವರ ವಾದ. ಈ ವಾದವನ್ನು ಮೊದಲು ಕಾನೂನು ವಿದ್ಯಾಲಯಗಳ ವಿಷಯದಲ್ಲಿ ಹೂಡಿದ್ದರ ಹಿಂದೆ ಗಾಢವಾದ ಆಲೋಚನೆಯಿತ್ತು. ದಕ್ಷಿಣದ ರಾಜ್ಯಗಳು ಕಪ್ಪುವರ್ಣೀಯರಿಗಾಗಿ ಬೇರೆ ಕಾನೂನು ವಿದ್ಯಾಲಯಗಳನ್ನು ತೆರೆದೇ ಇರಲಿಲ್ಲ. ತೆರೆಯಬೇಕೆಂದರೆ ಅಪಾರ ವೆಚ್ಚ. ಮಿಗಿಲಾಗಿ, ಒಳ್ಳೆಯ ವಿದ್ಯಾಲಯವೆಂದರೆ ಏನೆಂಬುದನ್ನು ತೀರ್ಪು ನೀಡುವ ನ್ಯಾಯಾಧೀಶರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯವು ಡೊನಾಲ್ಡ್ ಮರ್ರೆ ಎಂಬ ಪದವೀಧರನಿಗೆ ಬಣ್ಣದ ಕಾರಣದಿಂದ ಪ್ರವೇಶವನ್ನು ನಿರಾಕರಿಸಿತ್ತು. ಹ್ಯೂಸ್ಟನ್ ಮತ್ತು ಮಾರ್ಷಲ್ ಅವನ ಪರವಾಗಿ ವಾದಿಸಿ 1935ರಲ್ಲಿ ಬಾಲ್ಟಿಮೋರಿನ ನ್ಯಾಯಾಲಯದಲ್ಲಿ ಗೆದ್ದರು. ಮೇಲ್ಮನವಿಯಲ್ಲಿಯೂ ಜಯವು ಅವರದೇ ಆಯಿತು. ಮುಂದೆ ಮಿಸೌರಿ ರಾಜ್ಯದ ಲಾಯ್ಡ್ ಗೇನ್ಸ್ ಎಂಬ ತರುಣನ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ನೆರೆಯ ರಾಜ್ಯದಲ್ಲಿ ಓದಿದರೆ ಶುಲ್ಕವನ್ನು ತಾನೇ ಭರಿಸುವುದಾಗಿ ಮಿಸೌರಿ ಸರ್ಕಾರವು ಹೇಳಿತ್ತು. ಹ್ಯೂಸ್ಟನ್ ವಾದಿಸುತ್ತಿದ್ದಾಗ ನ್ಯಾಯಾಧೀಶರೊಬ್ಬರು ಮುಖ ಕಾಣದಂತೆ ಕುರ್ಚಿಯನ್ನು ತಿರುಗಿಸಿ ಕುಳಿತರೆಂದು ಹೇಳುತ್ತಾರೆ. ಹ್ಯೂಸ್ಟನ್ ವಿಚಲಿತರಾಗಲಿಲ್ಲ. ರಾಜ್ಯವು ತನ್ನ ಹೊಣೆಯನ್ನು ನೆರೆಯವರ ಮೇಲೆ ಹೊರಿಸುವಂತಿಲ್ಲ, ತನ್ನ ಎಲ್ಲೆಯೊಳಗೇ ಸಮಾನ ಶಿಕ್ಷಣವನ್ನು ಒದಗಿಸಬೇಕು ಎಂದು 1938ರ ಡಿಸೆಂಬರ್ 12ರಂದು ತೀರ್ಪು ಹೊರಬಿತ್ತು. ಆದರೆ ಆ ಗೆಲುವಿನ ಫಲವನ್ನು ಗೇನ್ಸ್ ಉಣ್ಣಲಿಲ್ಲ. 1939ರ ಮಾರ್ಚ್ ತಿಂಗಳಲ್ಲಿ ಅವನು ಶಿಕಾಗೋ ನಗರದಲ್ಲಿ ಕಣ್ಮರೆಯಾದನು. ಅವನ ಸುಳಿವು ಮತ್ತೆ ಸಿಗಲಿಲ್ಲ. ಈ ದಾರಿಯಲ್ಲಿ ಹೆಜ್ಜೆಯಿಟ್ಟವರು ಎಂತಹ ಅಪಾಯದ ನೆರಳಿನಲ್ಲಿ ನಡೆಯುತ್ತಿದ್ದರೆಂಬುದನ್ನು ಅದು ನೆನಪಿಸುತ್ತದೆ.

1938ರಲ್ಲಿ ಹ್ಯೂಸ್ಟನ್ ವಾಷಿಂಗ್ಟನ್ನಿಗೆ ಮರಳಿದರು. ಸಂಘದ ಕಾನೂನು ಕಾರ್ಯವನ್ನು ಮಾರ್ಷಲ್ ವಹಿಸಿಕೊಂಡರು. ಗುರುವು ಆ ಬಳಿಕವೂ ವಿಶ್ರಮಿಸಲಿಲ್ಲ. ರೈಲು ಎಂಜಿನುಗಳ ಬೆಂಕಿಗೂಡಿನ ಮುಂದೆ ದುಡಿಯುತ್ತಿದ್ದ ಕಪ್ಪುವರ್ಣದ ಕಾರ್ಮಿಕರನ್ನು ಬಿಳಿಯರ ಒಕ್ಕೂಟವು ಕೆಲಸದಿಂದ ಹೊರದೂಡಲು ಯತ್ನಿಸಿದಾಗ, ಒಕ್ಕೂಟವು ತಾನು ಪ್ರತಿನಿಧಿಸುವ ಎಲ್ಲರಿಗೂ ನ್ಯಾಯವಾಗಿ ನಡೆದುಕೊಳ್ಳಬೇಕೆಂಬ ತೀರ್ಪನ್ನು 1944ರಲ್ಲಿ ದೊರಕಿಸಿದರು. ಕಪ್ಪುವರ್ಣೀಯರಿಗೆ ಮನೆಗಳನ್ನು ಮಾರಬಾರದೆಂಬ ಕರಾರುಪತ್ರಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂಬ ನಿರ್ಣಯವು 1948ರಲ್ಲಿ ಬಂದಾಗಲೂ ವಾದಿಸಿದವರಲ್ಲಿ ಅವರೊಬ್ಬರು. ಕೊನೆಯ ವರ್ಷಗಳಲ್ಲಿ ಬಾಲ್ಟಿಮೋರಿನ ‘ಆಫ್ರೋ ಅಮೆರಿಕನ್’ ಪತ್ರಿಕೆಗೆ ಅಂಕಣವನ್ನೂ ಬರೆದರು. ವಿದ್ವಾಂಸರಿಗಾಗಿ ಬರೆಯಲು ಕಲಿತಿದ್ದ ಲೇಖನಿಯು ಈಗ ಜನಸಾಮಾನ್ಯರಿಗೆ ಅವರ ಹಕ್ಕುಗಳನ್ನು ತಿಳಿಸತೊಡಗಿತು.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಹ್ಯೂಸ್ಟನ್ ತೋರಿದ ಹಾದಿಯ ನಿರ್ಣಾಯಕ ಘಟ್ಟವು ಟೆಕ್ಸಾಸ್ ರಾಜ್ಯದಲ್ಲಿ ಬಂದಿತು. 1946ರಲ್ಲಿ ಹೆಮನ್ ಸ್ವೆಟ್ ಎಂಬ ಅಂಚೆಪೇದೆಯು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಕಾನೂನು ವಿದ್ಯಾಲಯಕ್ಕೆ ಅರ್ಜಿ ಹಾಕಿದನು. ಅವನನ್ನು ಸೇರಿಸಿಕೊಳ್ಳುವ ಬದಲು ಸರ್ಕಾರವು ಕಪ್ಪುವರ್ಣೀಯರಿಗಾಗಿ ತರಾತುರಿಯಲ್ಲಿ ಬೇರೊಂದು ವಿದ್ಯಾಲಯವನ್ನು ತೆರೆಯಿತು. ಸ್ವೆಟ್ ಅದನ್ನು ಸೇರಲೊಪ್ಪಲಿಲ್ಲ. ಮಾರ್ಷಲ್ ಈ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದರು. ದೇಶದ ನೂರಕ್ಕೂ ಹೆಚ್ಚು ಮಂದಿ ಕಾನೂನು ಪ್ರಾಧ್ಯಾಪಕರು ಸ್ವೆಟ್‌ನ ಪರವಾಗಿ ಲಿಖಿತ ವಾದವೊಂದನ್ನು ಸಲ್ಲಿಸಿದರು. ಅದು ‘ಮಿನ್ನೆಸೋಟ ಲಾ ರಿವ್ಯೂ’ ಎಂಬ ಕಾನೂನು ಪತ್ರಿಕೆಯಲ್ಲಿ ಪ್ರಕಟವೂ ಆಯಿತು.

1950ರ ಜೂನ್ 5ರಂದು ಒಮ್ಮತದ ತೀರ್ಪು ಬಂದಿತು. ನ್ಯಾಯಾಲಯವು ಎರಡು ವಿದ್ಯಾಲಯಗಳನ್ನೂ ತಕ್ಕಡಿಯಲ್ಲಿಟ್ಟು ತೂಗಿತು. ಒಂದರಲ್ಲಿ 850 ವಿದ್ಯಾರ್ಥಿಗಳು, 65,000ಕ್ಕೂ ಹೆಚ್ಚು ಗ್ರಂಥಗಳು. ಇನ್ನೊಂದರಲ್ಲಿ 23 ವಿದ್ಯಾರ್ಥಿಗಳು, ಸುಮಾರು 16,500 ಗ್ರಂಥಗಳು. ಮೊದಲನೆಯದರಲ್ಲಿ ವಿದ್ಯಾರ್ಥಿಗಳಿಗೆ ಕಾನೂನು ಪತ್ರಿಕೆಯೊಂದು ದೊರಕುತ್ತಿತ್ತು ಎಂಬುದನ್ನೂ ತೀರ್ಪು ಎತ್ತಿ ಹೇಳಿತು. ಅಧ್ಯಾಪಕರ ಕೀರ್ತಿ, ಸಂಸ್ಥೆಯ ಪರಂಪರೆ ಮುಂತಾದ ಅಳತೆಗೆ ಸಿಗದ ಗುಣಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತು. ಎರಡೂ ಸಮಾನವಲ್ಲವೆಂದು ಸಾರಿ, ಸ್ವೆಟ್‌ನಿಗೆ ವಿಶ್ವವಿದ್ಯಾನಿಲಯದ ಬಾಗಿಲನ್ನು ತೆರೆಯಿಸಿತು. ವಿದ್ಯಾರ್ಥಿಗಳು ನಡೆಸುವ ಒಂದು ಪತ್ರಿಕೆ, ಗ್ರಂಥಾಲಯದ ಒಂದು ಪೀಠ, ಸಹಪಾಠಿಗಳೊಡನೆ ಚರ್ಚಿಸುವ ಒಂದು ಅವಕಾಶ ಇವು ಸಣ್ಣ ಸಂಗತಿಗಳೆಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಅವುಗಳಿಂದ ಒಬ್ಬನನ್ನು ದೂರವಿಡುವುದೇ ಅಸಮಾನತೆ ಎಂಬುದು ದೇಶದ ಕಾನೂನಾಯಿತು.

ಈ ತೀರ್ಪನ್ನು ಕೇಳಲು ಹ್ಯೂಸ್ಟನ್ ಬದುಕಿರಲಿಲ್ಲ. ವಿಶ್ರಾಂತಿಯನ್ನೇ ಅರಿಯದ ದುಡಿಮೆಯಿಂದ ಅವರ ಹೃದಯವು ದುರ್ಬಲವಾಗಿತ್ತು. ವಾಷಿಂಗ್ಟನ್ನಿನ ಶಾಲೆಗಳ ಬಗೆಗೆ ತಾವು ನಡೆಸುತ್ತಿದ್ದ ಹೋರಾಟವನ್ನು ರೋಗಶಯ್ಯೆಯಿಂದಲೇ ಸಹೋದ್ಯೋಗಿ ಜೇಮ್ಸ್ ನಾಬ್ರಿಟ್ ಅವರಿಗೆ ಒಪ್ಪಿಸಿ, 1950ರ ಏಪ್ರಿಲ್ 22ರಂದು ತಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ನಾಲ್ಕು ವರ್ಷಗಳ ತರುವಾಯ, 1954ರ ಮೇ 17ರಂದು, ಬ್ರೌನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರೂ ಒಮ್ಮತದಿಂದ, ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಆಧಾರದಿಂದ ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಘೋಷಿಸಿದರು. ನಾಬ್ರಿಟ್ ವಾದಿಸಿದ ವಾಷಿಂಗ್ಟನ್ನಿನ ಮೊಕದ್ದಮೆಯೂ ಅದೇ ದಿನ ಗೆದ್ದಿತು. ಈ ಹೋರಾಟದ ಮುಂಚೂಣಿಯಲ್ಲಿದ್ದ ವಕೀಲರಲ್ಲಿ ಅನೇಕರು ಹ್ಯೂಸ್ಟನ್ನರ ಶಿಷ್ಯರು ಇಲ್ಲವೆ ಅವರೊಡನೆ ದುಡಿದವರು. ತಾವು ಗುರುವು ಹಾಕಿಕೊಟ್ಟ ದಾರಿಯಲ್ಲಿ ನಡೆದವರೆಂದು ಮಾರ್ಷಲ್ ಕೊನೆಯವರೆಗೂ ಹೇಳುತ್ತಿದ್ದರು. 1958ರಲ್ಲಿ ಹೋವರ್ಡ್ ಕಾನೂನು ವಿದ್ಯಾಲಯದ ಮುಖ್ಯ ಕಟ್ಟಡಕ್ಕೆ ಹ್ಯೂಸ್ಟನ್ನರ ಹೆಸರನ್ನಿಟ್ಟರು. 2005ರಲ್ಲಿ ಹಾರ್ವರ್ಡ್ ಕೂಡ ತನ್ನ ಸಂಶೋಧನ ಸಂಸ್ಥೆಯೊಂದಕ್ಕೆ ಅದೇ ಹೆಸರನ್ನು ನೀಡಿ ಗೌರವಿಸಿತು.

ಹ್ಯೂಸ್ಟನ್ನರು ದೊಡ್ಡ ಸಭೆಗಳನ್ನು ನಡುಗಿಸಿದ ವಾಗ್ಮಿಗಳೆಂದು ಹೆಸರಾದವರಲ್ಲ; ಅಧಿಕಾರದ ಗದ್ದುಗೆಯನ್ನು ಏರಿದವರೂ ಅಲ್ಲ. ಓದಿದ್ದನ್ನು ಒರೆಗೆ ಹಚ್ಚುವುದು, ಕಂಡದ್ದನ್ನು ದಾಖಲಿಸುವುದು, ಕಲಿತದ್ದನ್ನು ಇತರರಿಗೆ ಕಲಿಸುವುದು ಇವೇ ಅವರ ಸಾಧನಗಳು. ಹೆಸರು ಅಚ್ಚಾಗದ ಟಿಪ್ಪಣಿಯೊಂದನ್ನು ತಪ್ಪಿಲ್ಲದಂತೆ ಬರೆಯಲು ಹಾರ್ವರ್ಡಿನ ಮೇಜಿನ ಮುಂದೆ ತೋರಿದ ಶ್ರದ್ಧೆಯನ್ನೇ ಅವರು ಬಾಳಿನ ಕೊನೆಯವರೆಗೂ ತೋರಿದರು. ಅವರು ನೆಟ್ಟ ಮರದ ಹಣ್ಣನ್ನು ತಿಂದವರು ಮುಂದಿನ ತಲೆಮಾರಿನ ಮಕ್ಕಳು.